ಹಬ್ಬಕ್ಕೆ ಅಮ್ಮನ ಅಟೆಂಡರ್‌ಗೆ ಏನು ಕೊಡೋದು? ದುಡ್ಡಾ, ಗಿಫ್ಟಾ?

ಪ್ರಶ್ನೆ: ಅಮ್ಮ ಹಾಸಿಗೆ ಹಿಡಿದಿದ್ದಾರೆ. ಹಗಲಿಗೊಬ್ಬರು, ರಾತ್ರಿಗೊಬ್ಬರು ಅಟೆಂಡರ್ ಇದ್ದಾರೆ. ಹಗಲಿನವರನ್ನು ಏಜೆನ್ಸಿ ಕಳಿಸಿದೆ, ರಾತ್ರಿಯವರನ್ನು ನಾವೇ ಹುಡುಕಿಕೊಂಡಿದ್ದೇವೆ. ಹಬ್ಬ ಹತ್ತಿರ ಬಂತು ಎಂದು ಹಗಲಿನವರಿಗೆ ಕವರ್ ಕೊಡಲು ಹೋದರೆ "ಬೇಡ ಅಕ್ಕಾ, ಆಫೀಸಿಗೆ ಗೊತ್ತಾದರೆ ಕೆಲಸ ಹೋಗುತ್ತೆ" ಎನ್ನುತ್ತಾರೆ. ನಮ್ಮಣ್ಣನೋ, ಸಂಬಳ ಕೊಡ್ತೀವಲ್ಲ, ಮತ್ತೆ ಇದೆಲ್ಲ ಯಾಕೆ ಎನ್ನುತ್ತಾನೆ. ಗ್ರೂಪಿನಲ್ಲಿ ಹೋಮ್ ಕೇರ್ ನೋಡಿಕೊಳ್ಳುವವರು ಇದ್ದೀರಲ್ಲ, ಸ್ವಲ್ಪ ಹೇಳಿ.

ಉತ್ತರ (ಹೋಮ್ ಕೇರ್ ಸೂಪರ್‌ವೈಸರ್): ಮೇಡಂ, ಇಬ್ಬರದೂ ಬೇರೆ ಬೇರೆ ಲೆಕ್ಕ.

ಹಗಲಿನವರು ಬೇಡ ಎಂದದ್ದು ಸುಮ್ನೆ ಸಂಕೋಚಕ್ಕಲ್ಲ. ನಗದು ತೆಗೆದುಕೊಳ್ಳಬಾರದು ಎಂದು ಎಷ್ಟೋ ಏಜೆನ್ಸಿಗಳು ಸೇರುವಾಗಲೇ ಸಹಿ ಹಾಕಿಸಿಕೊಂಡಿರುತ್ತವೆ. ಗಿಫ್ಟ್ ಕಾರ್ಡ್ ಕೂಡ ನಗದೇ ಎನ್ನುವವರು ಬಹಳ. ಹಾಗಾಗಿ ಹೊರಡುವ ಹೊತ್ತಿಗೆ ಬ್ಯಾಗಿಗೆ ತುರುಕಬೇಡಿ, ಪ್ರೀತಿ ನಿಮ್ಮದು, ಪಾಡು ಅವರದು. ಆಫೀಸಿಗೆ ನೀವೇ ಫೋನ್ ಮಾಡಿ ಕೇಳಿ. ಕೆಲವರು ಸಣ್ಣಪುಟ್ಟ ವಸ್ತು ಆಗಬಹುದು ಎನ್ನುತ್ತಾರೆ, ಕೆಲವರು ದುಡ್ಡು ಆಫೀಸಿಗೆ ಕಟ್ಟಿ, ಸಂಬಳದ ಜೊತೆ ಸೇರಿಸುತ್ತೇವೆ ಎನ್ನುತ್ತಾರೆ. ಹಾಗೆ ಕಟ್ಟಿದರೆ ರಸೀದಿಯಲ್ಲಿ ಅವರ ಹೆಸರು ಬರೆಸಿ, ಆಮೇಲೆ ಕೈಗೆ ಬಂತಾ ಎಂದು ಅವರನ್ನೂ ಕೇಳಿ.

ಏನೂ ಕೂಡದು ಎಂದರೆ ಆಫೀಸಿಗೆ ಒಂದು ಪತ್ರ ಬರೆಯಿರಿ, ಒಂದು ಪ್ರತಿ ಅವರಿಗೂ ಕೊಡಿ. ಬರೀ "ತುಂಬಾ ಒಳ್ಳೆಯವರು" ಎಂದು ಬರೆದರೆ ಯಾರೂ ಓದುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ, ಸೊಂಟದ ಹತ್ತಿರ ಚರ್ಮ ಕೆಂಪಾದ ದಿನವೇ ತೋರಿಸಿದರು, ಅದಕ್ಕೇ ಅಮ್ಮನಿಗೆ ಹಾಸಿಗೆ ಹುಣ್ಣು ಆಗಲಿಲ್ಲ, ಹೀಗೆ ನಡೆದದ್ದನ್ನು ಬರೆಯಿರಿ. ಮುಂದೆ ಬೇರೆ ಮನೆಗೆ ಹೋಗುವಾಗ ಆ ಕಾಗದ ಅವರಿಗೆ ಕೆಲಸಕ್ಕೆ ಬರುತ್ತದೆ.

ರಾತ್ರಿಯವರಿಗೆ ನೀವೇ ಯಜಮಾನರು. ಅಲ್ಲಿ ದುಡ್ಡೇ ವಾಸಿ. ಒಂದು ವಾರದ ಸಂಬಳ ಎನ್ನುವುದು ಹಲವು ಕಡೆ ಹೇಳುವ ಅಂದಾಜು, ಕಾನೂನಲ್ಲ. ವರ್ಷಗಟ್ಟಲೆ ಇದ್ದವರಿಗೆ, ಮನೆಯಲ್ಲೇ ಉಳಿದುಕೊಂಡವರಿಗೆ ಜಾಸ್ತಿ ಕೊಡುವವರಿದ್ದಾರೆ. ಒಂದೇ ಮಾತು, ಹಿಂದೆ ಕೊಟ್ಟ ಅಡ್ವಾನ್ಸನ್ನು ಇದರಲ್ಲಿ ಮುರಿದುಕೊಳ್ಳಬೇಡಿ. ಹಳೇ ಬಟ್ಟೆ ಕೊಡುವುದಿದ್ದರೆ ಬೇರೆ ದಿನ ಕೇಳಿ ಕೊಡಿ, ಅದು ಹಬ್ಬದ ಉಡುಗೊರೆ ಅಲ್ಲ.

ನಿಮ್ಮಣ್ಣ ಅರ್ಧ ಸರಿ. ಮೊದಲು ಸಂಬಳ, ರಜೆ ನೆಟ್ಟಗಿರಬೇಕು. ಮನೆಗೆಲಸದವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿದ 189ನೇ ಒಪ್ಪಂದದಲ್ಲಿ ವಾರಕ್ಕೆ ಕನಿಷ್ಠ 24 ಗಂಟೆ ಒಟ್ಟಿಗೆ ಬಿಡುವು ಕೊಡಬೇಕು ಎಂದಿದೆ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಇಟ್ಟುಕೊಂಡವರೂ ಅದರಲ್ಲಿ ಬರುತ್ತಾರೆ. ಅಣ್ಣನನ್ನು ಕೇಳಿ, ರಾತ್ರಿಯವರು ಕೊನೇ ಸಲ ಪೂರ್ತಿ ಒಂದು ದಿನ ರಜೆ ಮಾಡಿದ್ದು ಯಾವಾಗ ಎಂದು. ಹಬ್ಬದ ದಿನವೂ ಡ್ಯೂಟಿಗೆ ಬಂದರೆ ಅದರ ಕೂಲಿ ಬೇರೆ, ಇನಾಮು ಬೇರೆ.

ಪ್ರಶ್ನೆ (ಇನ್ನೊಬ್ಬರು): ಸರ್‌ಗೋ ಮೇಡಂಗೋ ಗೊತ್ತಿಲ್ಲ, ನಮ್ಮದೂ ಒಂದಿದೆ. ಅಪ್ಪನಿಗೆ ಮರೆವಿನ ಕಾಯಿಲೆ. ಮೊನ್ನೆ ಬೆರಳಿನ ಉಂಗುರ ತೆಗೆದು ಅಟೆಂಡರ್ ಹುಡುಗನಿಗೆ ಕೊಟ್ಟಿದ್ದಾರೆ. ಅವನೇ ತಂದು ನಮಗೆ ಕೊಟ್ಟ. ಅಪ್ಪನಿಗೆ ಈಗ ಬೇಜಾರು, "ನಾನು ಕೊಟ್ಟದ್ದನ್ನು ಕಿತ್ತುಕೊಂಡ್ರಾ" ಎನ್ನುತ್ತಾರೆ.

ಉತ್ತರ: ಮೇಡಂ ಎನ್ನಿ ಸಾಕು, ಸರ್ ಅಲ್ಲ.

ಹುಡುಗ ಮಾಡಿದ್ದು ಸರಿಯಾಗಿದೆ, ಅವನಿಗೆ ಅದನ್ನು ಬಾಯಿಬಿಟ್ಟು ಹೇಳಿ. ಇಂಥದ್ದು ಆಗಾಗ ನಡೆಯುತ್ತದೆ. ದಿಂಬಿನಡಿಯಿಂದ ಮಡಚಿದ ನೋಟು ತೆಗೆದು ಅಟೆಂಡರ್ ಅಂಗೈಯಲ್ಲಿಟ್ಟು ಬೆರಳು ಮುಚ್ಚಿ ಹಿಡಿಯುತ್ತಾರೆ, ಬಿಡಿಸಿಕೊಂಡರೆ ಸಿಟ್ಟು. ಸಂಜೆಗೆ ಕೊಟ್ಟದ್ದೇ ಮರೆತು ಕಳವಾಯಿತು ಎನ್ನುತ್ತಾರೆ. ಆಗ ಸಿಕ್ಕಿಬೀಳುವುದು ಯಾರು? ನೆನಪು, ತಿಳಿವಳಿಕೆ ಕೈಕೊಟ್ಟ ರೋಗಿಯಿಂದ ಒಡವೆ, ದುಡ್ಡು, ಚೆಕ್ಕು ಏನನ್ನೂ ಇಟ್ಟುಕೊಳ್ಳಬೇಡಿ ಎಂದು ನಮ್ಮ ಹುಡುಗರಿಗೆ ನಾವು ಹೇಳುವುದು ಇದಕ್ಕೇ. ಏನಾದರೂ ಕೈಗೆ ಬಂದರೆ ಅವತ್ತೇ ಮನೆಯವರಿಗೆ ಕೊಟ್ಟು ಡ್ಯೂಟಿ ಪುಸ್ತಕದಲ್ಲಿ ಬರೆಯಬೇಕು. ಉಂಗುರದ ವಿಷಯವನ್ನೂ ತಾರೀಖು ಹಾಕಿ ಬರೆಸಿ, ನೀವೂ ಸಹಿ ಮಾಡಿ.

ಅಪ್ಪನ ಜೊತೆ ವಾದಕ್ಕೆ ನಿಲ್ಲಬೇಡಿ. ಅವರಿಗೆ ಕೊಡುವ ಆಸೆ ಇದೆ ಅಲ್ವಾ, ಹಬ್ಬದ ಕವರನ್ನು ನೀವು ತಯಾರು ಮಾಡಿ, ಎಲ್ಲರೂ ಇರುವಾಗ ಅವರ ಕೈಯಿಂದಲೇ ಕೊಡಿಸಿ. ಹುಡುಗ ಏಜೆನ್ಸಿಯವನಾದರೆ ಮೊದಲು ಅಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಭಾನುವಾರ ಮಾತ್ರ ಬದಲಿಗೆ ಬರುವವರಿಗೆ?

ಉತ್ತರ: ಕಾಯಂ ಬರುತ್ತಿದ್ದರೆ ಸ್ವಲ್ಪ ಏನಾದರೂ ಕೊಡಿ, ಅದಕ್ಕೂ ಏಜೆನ್ಸಿ ನಿಯಮ ನೋಡಿಕೊಂಡೇ. ಒಂದೆರಡು ಸಲ ಬಂದವರಿಗೆ ಬೇಕಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಥ್ಯಾಂಕ್ಸ್ ಮೇಡಂ. ಒಂದು ಸಲ ಕೊಟ್ಟರೆ ಪ್ರತಿ ವರ್ಷ ಕಾಯುತ್ತಾರೆ ಎನ್ನುತ್ತಾನೆ ಅಣ್ಣ.

ಉತ್ತರ: ಕಾಯುತ್ತಾರೆ, ಅದರಲ್ಲಿ ತಪ್ಪೇನಿದೆ? ಮುಂದಿನ ವರ್ಷವೂ ಕೊಡಲು ಆಗುವಷ್ಟನ್ನೇ ಈ ವರ್ಷ ಕೊಡಿ. ಕೈ ಬಿಗಿ ಇದ್ದರೆ ಹಬ್ಬಕ್ಕೆ ಮೊದಲೇ ಹೇಳಿಬಿಡಿ. ಹಬ್ಬ ಮುಗಿದ ಮೇಲಲ್ಲ, ಅವರಿಗೂ ಮನೆಯಲ್ಲಿ ಖರ್ಚಿರುತ್ತದೆ.