ಗೆಟ್ ಲೇಟೆಸ್ಟ್ ಕೊಟ್ಟರೂ ಲ್ಯಾಪ್‌ಟಾಪ್‌ನಲ್ಲಿ ಹಳೇ ಕೋಡೇ! (ಟಿಎಫ್‌ವಿಸಿ, ಎರಡು ಕಂಪ್ಯೂಟರ್)

ಹಳೇಕೋಡ್:
ಮೂರು ದಿನದಿಂದ ತಲೆ ಚಚ್ಕೊಳ್ತಿದೀನಿ. ಕೋಡಿನ ಆವೃತ್ತಿಗಳನ್ನ ಸರ್ವರಲ್ಲಿ ಇಡೋಕೆ ಮೈಕ್ರೋಸಾಫ್ಟ್‌ನ ಟಿಎಫ್‌ವಿಸಿ ಬಳಸ್ತೀನಿ. ಡೆಸ್ಕ್‌ಟಾಪ್‌ನಲ್ಲಿ ಚೆಕ್‌ಇನ್ ಮಾಡಿ (ತಿದ್ದಿದ ಕೋಡ್ ಸರ್ವರಿಗೆ ಕಳಿಸಿ), ಲ್ಯಾಪ್‌ಟಾಪ್‌ನಲ್ಲಿ ಗೆಟ್ ಲೇಟೆಸ್ಟ್ (ಸರ್ವರಿಂದ ಹೊಸದನ್ನ ಇಳಿಸೋದು) ಕೊಟ್ರೆ ಎಲ್ಲಾ ಫೈಲೂ ಅಪ್ ಟು ಡೇಟ್ ಅನ್ನುತ್ತೆ. ತೆಗೆದು ನೋಡಿದ್ರೆ ಹೋದ ವಾರದ್ದು. ಹಿಸ್ಟರಿಯಲ್ಲಿ ಚೇಂಜ್‌ಸೆಟ್ 4812 (ಆ ಚೆಕ್‌ಇನ್‌ನ ನಂಬರು) ಕಣ್ಣೆದುರಿಗೇ ಇದೆ, ಫೈಲಲ್ಲಿ ಇಲ್ಲ. ವಿಷುವಲ್ ಸ್ಟುಡಿಯೋ ರಿಪೇರಿ ಆಯ್ತು, ರೀಇನ್‌ಸ್ಟಾಲ್ ಆಯ್ತು. ಮಾಮೂಲಿ ಸೆಟಪ್, ವಿಶೇಷ ಏನೂ ಇಲ್ಲ. ಗೊತ್ತಿದ್ದವರು ಹೇಳಿ ಪುಣ್ಯ ಕಟ್ಕೊಳ್ಳಿ.

ಬಿಲ್ಡ್‌ಭಟ್ಟ:
ಕ್ಯಾಶ್ (ಯಂತ್ರದಲ್ಲಿ ತಾತ್ಕಾಲಿಕವಾಗಿ ಉಳಿಸಿಟ್ಟ ಮಾಹಿತಿ), ಇನ್ನೇನಲ್ಲ. ವಿಷುವಲ್ ಸ್ಟುಡಿಯೋ ಮುಚ್ಚಿ. ಆಪ್‌ಡೇಟಾ\ಲೋಕಲ್\ಮೈಕ್ರೋಸಾಫ್ಟ್\ಟೀಮ್ ಫೌಂಡೇಶನ್, ಅದರೊಳಗೆ ಆವೃತ್ತಿ ನಂಬರಿನ ಫೋಲ್ಡರ್, ಅದರೊಳಗೆ ಕ್ಯಾಶ್. ಇರೋದೆಲ್ಲ ಅಳಿಸಿ ಮತ್ತೆ ತೆರೀರಿ.

ಹಳೇಕೋಡ್:
ಅಳಿಸಿದೆ. ಅದೇ ರಾಗ, ಅದೇ ಹಾಡು.

ಬಿಲ್ಡ್‌ಭಟ್ಟ:
ಎಲ್ಲಾ ಆವೃತ್ತಿಗಳದ್ದೂ ಅಳಿಸಿದ್ರಾ? 2017, 2019 ಎರಡೂ ಇದ್ರೆ ಎರಡಕ್ಕೂ ಬೇರೆ ಬೇರೆ ಫೋಲ್ಡರ್.

ಸೆಮಿಕೋಲನ್:
ಭಟ್ರೇ, ಯಾವ ಫೋಲ್ಡರ್ ಯಾವ ವರ್ಕ್‌ಸ್ಪೇಸಿಗೆ (ಸರ್ವರಿನ ಕೋಡಿಗೂ ಒಂದು ಯಂತ್ರದ ಫೋಲ್ಡರಿಗೂ ಇರೋ ನಂಟಿನ ದಾಖಲೆ) ಸೇರಿದ್ದು ಅನ್ನೋ ನೆನಪು ಮಾತ್ರ ಕ್ಯಾಶ್‌ನಲ್ಲಿರೋದು. ಸರ್ವರ್ ವರ್ಕ್‌ಸ್ಪೇಸ್ ಆದ್ರೆ, ನಿಮ್ಮ ಡಿಸ್ಕ್‌ನಲ್ಲಿ ಯಾವ ಫೈಲಿನ ಎಷ್ಟನೇ ವರ್ಷನ್ ಇದೆ ಅನ್ನೋ ಲೆಕ್ಕ ಸರ್ವರಲ್ಲಿರುತ್ತೆ. ಡಿಸ್ಕ್‌ನಿಂದ ಫೈಲನ್ನೇ ಅಳಿಸಿ ಗೆಟ್ ಲೇಟೆಸ್ಟ್ ಕೊಟ್ರೂ ಅಪ್ ಟು ಡೇಟ್ ಅಂತಾನೇ ಹೇಳುತ್ತೆ, ಯಾಕಂದ್ರೆ ಅದು ಡಿಸ್ಕ್ ನೋಡೋದೇ ಇಲ್ಲ.
ಹಳೇಕೋಡ್ ಅವ್ರೇ, ನಿಮ್ದು ಲೋಕಲ್ಲೋ ಸರ್ವರ್ರೋ? ಎಡಿಟ್ ವರ್ಕ್‌ಸ್ಪೇಸ್, ಅಡ್ವಾನ್ಸ್ಡ್, ಅಲ್ಲಿ ಲೊಕೇಶನ್ ನೋಡಿ.

ಹಳೇಕೋಡ್:
ಸರ್ವರ್. ಟಿಎಫ್‌ಎಸ್ (ಟಿಎಫ್‌ವಿಸಿ ಇರೋ ಸರ್ವರ್ ತಂತ್ರಾಂಶ) 2010 ಕಾಲದ ಪ್ರಾಜೆಕ್ಟು. ಗೆಟ್ ಸ್ಪೆಸಿಫಿಕ್ ವರ್ಷನ್‌ನಲ್ಲಿ ಎರಡೂ ಓವರ್‌ರೈಟ್‌ಗೆ ಟಿಕ್ ಹಾಕಿದ್ರೆ ಸರಿಯಾಗಿ ಬರುತ್ತೆ, ಮಾರನೇ ದಿನ ಮತ್ತೆ ಇದೇ ಗೋಳು. ಇನ್ನೊಂದು ವಿಚಿತ್ರ: ಲ್ಯಾಪ್‌ಟಾಪಲ್ಲಿ ನಾನು ಮುಟ್ಟೇ ಇರದ ಫೈಲು ಪೆಂಡಿಂಗ್ ಚೇಂಜಸ್‌ನಲ್ಲಿ (ಇನ್ನೂ ಚೆಕ್‌ಇನ್ ಆಗದ ಬದಲಾವಣೆಗಳ ಪಟ್ಟಿ) ಚೆಕ್‌ಔಟ್, ಅಂದ್ರೆ ತಿದ್ದೋಕೆ ತಗೊಂಡಿದ್ದು, ಅಂತ ಕಾಣುತ್ತೆ. ಎಕ್ಸ್‌ಪ್ಲೋರರಲ್ಲಿ ನೋಡಿದ್ರೆ ಅದು ರೀಡ್‌ಓನ್ಲಿ!

ಮೊಂಡುಕರ್ಸರ್:
ಇನ್ನೂ ಟಿಎಫ್‌ವಿಸಿ ಬಳಸ್ತಿದೀರಾ? ಗಿಟ್‌ಗೆ (ಇನ್ನೊಂದು ಆವೃತ್ತಿ ವ್ಯವಸ್ಥೆ) ಹೋಗಿ ಸ್ವಾಮಿ. ಲೆಕ್ಕ ಎಲ್ಲಾ ಯಂತ್ರದೊಳಗೇ ಇರುತ್ತೆ, ಈ ರೋಗವೇ ಇಲ್ಲ.

ಬಿಲ್ಡ್‌ಭಟ್ಟ:
ಪುಶ್ ಮಾಡೋದು (ಸರ್ವರಿಗೆ ಕಳಿಸೋದು) ಮರೆತ ಕಮಿಟ್ (ಉಳಿಸಿದ ಬದಲಾವಣೆ) ಆ ಯಂತ್ರದಲ್ಲೇ ಕೂತಿರುತ್ತಲ್ಲ, ಅದು ರೋಗ ಅಲ್ವಾ? ಅರ್ಧ ಕೆಲಸ ಎತ್ತಿಡೋ ಗಿಟ್‌ನ ಸ್ಟ್ಯಾಶ್ ಯಂತ್ರ ಬಿಟ್ಟು ಕದಲಲ್ಲ. ಟಿಎಫ್‌ವಿಸಿಯ ಶೆಲ್ವ್‌ಸೆಟ್ ಸರ್ವರಿಗೆ ಹೋಗುತ್ತೆ, ಯಾವ ಯಂತ್ರದಲ್ಲಾದ್ರೂ ಇಳಿಸ್ಕೋಬಹುದು.

ಮೊಂಡುಕರ್ಸರ್:
ಬ್ರಾಂಚ್ ಮಾಡಿ ಪುಶ್ ಮಾಡಿದ್ರೆ ಅದೇ ಶೆಲ್ವ್‌ಸೆಟ್. ಎರಡು ಸಾಲಿನ ಕೆಲಸ.

ಸೆಮಿಕೋಲನ್:
ಆ ಜಗಳಕ್ಕೆ ಬೇರೆ ಎಳೆ ಶುರು ಮಾಡಿ. ಪೆಂಡಿಂಗ್ ಇದೆ, ಆದ್ರೆ ರೀಡ್‌ಓನ್ಲಿ ಅಂದ್ರೆ ಚೆಕ್‌ಔಟ್ ಆಗಿದ್ದು ಈ ಡಿಸ್ಕ್‌ನಲ್ಲಲ್ಲ. ಎರಡೂ ಯಂತ್ರಗಳಲ್ಲಿ ಇವೆರಡು ಓಡಿಸಿ ಫಲಿತಾಂಶ ಹಾಕಿ:
ಹೋಸ್ಟ್‌ನೇಮ್
ಟಿಎಫ್ ವರ್ಕ್‌ಸ್ಪೇಸಸ್ /ಕಂಪ್ಯೂಟರ್:* /ಕಲೆಕ್ಷನ್:(ನಿಮ್ಮ ಸರ್ವರ್ ವಿಳಾಸ)

ಹಳೇಕೋಡ್:
ಹೋಸ್ಟ್‌ನೇಮ್ ಎರಡರಲ್ಲೂ ಡೆವ್-01. ವರ್ಕ್‌ಸ್ಪೇಸ್ ಪಟ್ಟಿಯಲ್ಲಿ ಒಂದೇ ಸಾಲು, ಕಂಪ್ಯೂಟರ್ ಕಾಲಮ್‌ನಲ್ಲಿ ಡೆವ್-01. ಲ್ಯಾಪ್‌ಟಾಪ್ ತಂದಾಗ ಎಲ್ಲಾ ಹೊಸದಾಗಿ ಹಾಕೋದು ಯಾರು ಅಂತ ಡೆಸ್ಕ್‌ಟಾಪ್ ಡಿಸ್ಕನ್ನೇ ಕ್ಲೋನ್ ಮಾಡಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸೆಮಿಕೋಲನ್:
ಇದನ್ನ ಮೊದಲನೇ ಪೋಸ್ಟಲ್ಲೇ ಹೇಳಬಾರದಿತ್ತಾ ಮಾರಾಯ್ರೆ! ಎರಡು ಯಂತ್ರ, ಪಟ್ಟಿಯಲ್ಲಿ ಒಂದೇ ಸಾಲು, ರೋಗ ಅದೇ. ಟಿಎಫ್‌ವಿಸಿ ಕಂಪ್ಯೂಟರನ್ನ ಗುರುತಿಸೋದು ಹೆಸರಿನಿಂದ. ಡೆಸ್ಕ್‌ಟಾಪಲ್ಲಿ ಗೆಟ್ ಮಾಡಿದ ಕೂಡಲೇ "ಡೆವ್-01 ಹತ್ರ 4812 ಇದೆ" ಅಂತ ಸರ್ವರ್ ಬರ್ಕೊಳ್ಳುತ್ತೆ. ಲ್ಯಾಪ್‌ಟಾಪ್ ಅದೇ ಹೆಸರು ಹೇಳ್ಕೊಂಡು ಬಂದ್ರೆ ಕೊಡೋಕೆ ಏನೂ ಉಳಿದಿಲ್ಲ ಅನ್ನುತ್ತೆ.
ಹಳೇ ಫೈಲು ಕಾಣೋದು ಸಣ್ಣ ತೊಂದರೆ. ಲ್ಯಾಪ್‌ಟಾಪಲ್ಲಿ 4790ರ ಪ್ರತಿಯನ್ನ ತಿದ್ದಿ ಚೆಕ್‌ಇನ್ ಮಾಡಿದ್ರೆ, ಸರ್ವರ್ ಲೆಕ್ಕದಲ್ಲಿ ನೀವು ತಿದ್ದಿದ್ದು 4812. ಕಾನ್‌ಫ್ಲಿಕ್ಟ್ (ಎರಡು ಬದಲಾವಣೆ ಡಿಕ್ಕಿ ಹೊಡೆದ ಎಚ್ಚರಿಕೆ) ಬರಲ್ಲ, ಮಧ್ಯದ ಬದಲಾವಣೆ ಸದ್ದಿಲ್ಲದೆ ಅಳಿಸಿಹೋಗುತ್ತೆ. ಲ್ಯಾಪ್‌ಟಾಪಿಂದ ಚೆಕ್‌ಇನ್ ಈಗಲೇ ನಿಲ್ಲಿಸಿ.

ಮೊಂಡುಕರ್ಸರ್:
ಸಿಸ್‌ಪ್ರೆಪ್ (ಕ್ಲೋನ್‌ಗೆ ಮುಂಚೆ ವಿಂಡೋಸ್ ಸಿದ್ಧಮಾಡೋ ಉಪಕರಣ) ಮಾಡದೆ ಕ್ಲೋನ್ ಮಾಡಿದ್ರೆ ಎಸ್‌ಐಡಿ (ಯಂತ್ರದ ಒಳಗಿನ ಗುರುತಿನ ಸಂಖ್ಯೆ) ಡೂಪ್ಲಿಕೇಟ್ ಆಗುತ್ತೆ. ಮೂಲ ಅದೇ.

ಸೆಮಿಕೋಲನ್:
ಸಿಸ್‌ಪ್ರೆಪ್ ಮಾಡಬೇಕಿತ್ತು ಅನ್ನೋದು ಒಪ್ಪಿದೆ. ಆದ್ರೆ ಇಲ್ಲಿ ಎಸ್‌ಐಡಿ ಬದಲಾಯಿಸಿ ಹೆಸರು ಹಾಗೇ ಬಿಟ್ರೆ ನಯಾಪೈಸೆ ಉಪಯೋಗ ಇಲ್ಲ.

ಬಿಲ್ಡ್‌ಭಟ್ಟ:
ಹಾಗಾದ್ರೆ ಸುಲಭ. ಲ್ಯಾಪ್‌ಟಾಪಿಗೆ ಬೇರೆ ಹೆಸರಿಟ್ಟು ರೀಸ್ಟಾರ್ಟ್ ಮಾಡಿ, ಟಿಎಫ್ ವರ್ಕ್‌ಸ್ಪೇಸಸ್ /ಅಪ್‌ಡೇಟ್‌ಕಂಪ್ಯೂಟರ್‌ನೇಮ್:ಡೆವ್-01 ಕೊಡಿ. ಹೆಸರು ಬದಲಾದಾಗ ಬಳಸೋಕೇ ಇರೋ ಕಮಾಂಡು.

ಹಳೇಕೋಡ್:
ಮಾಡಿದೆ. ಲ್ಯಾಪ್‌ಟಾಪಿನ ಹೆಸರು ಈಗ ಡೆವ್-02. ಆದ್ರೆ ಡೆಸ್ಕ್‌ಟಾಪಲ್ಲಿ ವರ್ಕ್‌ಸ್ಪೇಸೇ ಮಾಯ!!

ಸೆಮಿಕೋಲನ್:
ಆಗಲೇಬೇಕು. ಇದ್ದ ಒಂದೇ ದಾಖಲೆಯನ್ನ ಡೆಸ್ಕ್‌ಟಾಪಿಂದ ಕಿತ್ತು ಲ್ಯಾಪ್‌ಟಾಪಿಗೆ ಕೊಟ್ಟಿದ್ದೀರಿ. ಒಂದೇ ಯಂತ್ರದ ಹೆಸರು ಬದಲಾದಾಗ ಆ ಕಮಾಂಡು ಸರಿ, ಒಂದು ಎರಡಾದಾಗ ಅಲ್ಲ. ಗಾಬರಿ ಬೇಡ, ಏನೂ ಅಳಿಸಿಲ್ಲ. ಈ ಕ್ರಮ ತಪ್ಪಿಸಬೇಡಿ:

ಮೊದಲು ಡೆಸ್ಕ್‌ಟಾಪಲ್ಲಿ ಅದೇ ಕಮಾಂಡನ್ನ ಡೆವ್-02 ಅಂತ ಕೊಟ್ಟು ಓಡಿಸಿ, ದಾಖಲೆ ವಾಪಸ್ ಬರುತ್ತೆ.

ಲ್ಯಾಪ್‌ಟಾಪಲ್ಲಿ ನಿಜವಾಗಿ ತಿದ್ದಿದ ಫೈಲು ಹುಡುಕಿ. ಕೋಡ್ ಫೋಲ್ಡರಲ್ಲಿ ಡಿರ್ /ಎಸ್ /ಬಿ /ಎ:-ಆರ್-ಡಿ ಕೊಟ್ರೆ ರೀಡ್‌ಓನ್ಲಿ ಅಲ್ಲದ್ದೆಲ್ಲ ಬರುತ್ತೆ. ಬಿಲ್ಡ್ ಮಾಡಿದಾಗ ತಾನಾಗಿ ಹುಟ್ಟೋ ಬಿನ್, ಓಬಿಜೆ ಫೋಲ್ಡರ್ ಬಿಟ್ಟು ಉಳಿದದ್ದನ್ನ ಬೇರೆ ಫೋಲ್ಡರಿಗೆ ಕೈಯಾರೆ ಕಾಪಿ ಮಾಡಿ. ಶೆಲ್ವ್ ಮಾಡಲೇಬೇಡಿ. ಪೆಂಡಿಂಗ್ ಪಟ್ಟಿ ಡೆಸ್ಕ್‌ಟಾಪಿಂದು, ಮೇಲೆ ಹೋಗೋ ಫೈಲು ಲ್ಯಾಪ್‌ಟಾಪಿಂದು.

ಆಮೇಲೆ ಲ್ಯಾಪ್‌ಟಾಪಲ್ಲಿ ಟಿಎಫ್ ವರ್ಕ್‌ಸ್ಪೇಸಸ್ /ರಿಮೂವ್:* /ಕಲೆಕ್ಷನ್:(ವಿಳಾಸ). ಇದು ಕ್ಯಾಶ್ ಮಾತ್ರ ತೆಗೆಯುತ್ತೆ. ಇದರ ಬದಲು ಟಿಎಫ್ ವರ್ಕ್‌ಸ್ಪೇಸ್ /ಡಿಲೀಟ್ ಕೊಟ್ರೆ ಸರ್ವರಲ್ಲಿರೋ ದಾಖಲೆ ಪೆಂಡಿಂಗ್ ಸಮೇತ ಹೋಗುತ್ತೆ. ಒಂದರಲ್ಲಿ ವರ್ಕ್‌ಸ್ಪೇಸಸ್, ಇನ್ನೊಂದರಲ್ಲಿ ವರ್ಕ್‌ಸ್ಪೇಸ್. ಎರಡು ಸಲ ಓದಿ ಎಂಟರ್ ಒತ್ತಿ.

ಹಳೇ ಕೋಡ್ ಫೋಲ್ಡರಿನ ಹೆಸರು ಬದಲಾಯಿಸಿ ಪಕ್ಕಕ್ಕಿಡಿ. ಹೊಸ ವರ್ಕ್‌ಸ್ಪೇಸ್ ಮಾಡಿ, ಖಾಲಿ ಫೋಲ್ಡರಿಗೆ ಮ್ಯಾಪ್ ಮಾಡಿ, ಗೆಟ್ ಕೊಡಿ. ಒಬ್ಬ ಬಳಕೆದಾರನಿಗೆ ಒಂದೇ ಹೆಸರಿನ ಎರಡು ವರ್ಕ್‌ಸ್ಪೇಸ್ ಇರೋಕಾಗಲ್ಲ, ಬೇರೆ ಯಂತ್ರ ಆದ್ರೂ ಸರಿ. ಹಾಗಾಗಿ ಹೆಸರು ಹೊಸದೇ ಇರಲಿ.

ಬಿಲ್ಡ್‌ಭಟ್ಟ:
ನಾನು ಹೇಳಿದ್ದು ಅರ್ಧ ಸರಿ ಇತ್ತು. ಹೊಸದನ್ನ ಲೋಕಲ್ ಮಾಡ್ಕೊಳ್ಳಿ, 2012ರಿಂದ ಇದೆ. ರೀಡ್‌ಓನ್ಲಿ ಕಾಟ ಇಲ್ಲ, ಲೆಕ್ಕ $ಟಿಎಫ್ ಅನ್ನೋ ಅಡಗಿಸಿಟ್ಟ ಫೋಲ್ಡರಲ್ಲಿ ಇರುತ್ತೆ.

ಸೆಮಿಕೋಲನ್:
ಹೌದು, ಹೆಸರು ಬೇರೆ ಆದ ಮೇಲೆ. ಫೈಲು ಒಂದು ಲಕ್ಷ ದಾಟೋ ಹಾಗಿದ್ರೆ ಸರ್ವರಲ್ಲೇ ಬಿಡಿ, ಲೋಕಲ್ ತೆವಳುತ್ತೆ.

ಮೊಂಡುಕರ್ಸರ್:
ನನ್ನ ಹತ್ರ ನಾಲ್ಕು ಯಂತ್ರ. ನಾಲ್ಕರಲ್ಲೂ ಸಬ್‌ಸ್ಟ್ (ಫೋಲ್ಡರಿಗೆ ಡ್ರೈವ್ ಅಕ್ಷರ ಕೊಡೋ ಕಮಾಂಡು) ಹಾಕಿ ಡಬ್ಲ್ಯೂ: ಡ್ರೈವು, ವರ್ಕ್‌ಸ್ಪೇಸ್ ಹೆಸರು ಯಂತ್ರದ ಹೆಸರು ಅಡಿಗೆರೆ ಬ್ರಾಂಚ್. ಬಿಲ್ಡ್ ಸ್ಕ್ರಿಪ್ಟಲ್ಲಿ ಒಂದು ದಾರಿಯನ್ನೂ ಬದಲಾಯಿಸಬೇಕಿಲ್ಲ. ಫೈಲ್ ದಾರಿಯ 259 ಅಕ್ಷರದ ಮಿತಿಗೂ ಬಡಿಯಲ್ಲ.

ಬಿಲ್ಡ್‌ಭಟ್ಟ:
ಗಿಟ್‌ಗೆ ಹೋಗಿ ಅಂದೋರು ಟಿಎಫ್‌ವಿಸಿಯಲ್ಲೇ ನಾಲ್ಕು ಯಂತ್ರ ಇಟ್ಕೊಂಡಿದೀರಾ? 😄 ಸಬ್‌ಸ್ಟ್ ರೀಸ್ಟಾರ್ಟ್ ಆದ್ರೆ ಹೋಗುತ್ತಲ್ಲ.

ಮೊಂಡುಕರ್ಸರ್:
ಲಾಗಿನ್ ಸ್ಕ್ರಿಪ್ಟಲ್ಲಿ ಹಾಕಿದೀನಿ. ಗಿಟ್ ಮಾತು ಬೇರೆ.

ಹಳೇಕೋಡ್:
ಸೆಮಿಕೋಲನ್ ಸರ್, ಪಟ್ಟಿಯಲ್ಲಿ ಈಗ ಎರಡು ಸಾಲು. ಎರಡೂ ಕಡೆ ಗೆಟ್ ಸರಿಯಾಗಿ ಬರ್ತಿದೆ. ಕಾಪಿ ಮಾಡಿಟ್ಟ 11 ಫೈಲನ್ನ ಹೊಸ ಫೋಲ್ಡರಿಗೆ ಪೇಸ್ಟ್ ಮಾಡಿಬಿಡಲಾ?

ಸೆಮಿಕೋಲನ್:
ಬೇಡ! ನೇರ ಪೇಸ್ಟ್ ಮಾಡಿದ್ರೆ ಅದೇ ಸದ್ದಿಲ್ಲದ ಅಳಿಸಾಟ, ಈ ಸಲ ನಿಮ್ಮ ಕೈಯಿಂದ. ಲ್ಯಾಪ್‌ಟಾಪಲ್ಲಿ ಕೊನೇ ಸಲ ಓವರ್‌ರೈಟ್ ಗೆಟ್ ಮಾಡಿದಾಗ ಇದ್ದ ಚೇಂಜ್‌ಸೆಟ್ ಯಾವುದು? 4790 ಅಂತಿಟ್ಕೊಳ್ಳಿ. ಆ ಫೈಲುಗಳಿಗೆ ಮಾತ್ರ ಟಿಎಫ್ ಗೆಟ್ /ವರ್ಷನ್:ಸಿ4790 ಕೊಡಿ, ಚೆಕ್‌ಔಟ್ ಮಾಡಿ, ಪೇಸ್ಟ್ ಮಾಡಿ, ಆಮೇಲೆ ಗೆಟ್ ಲೇಟೆಸ್ಟ್. ಆಗ ಸರಿಯಾದ ಬುಡದ ಮೇಲೆ ಕಾನ್‌ಫ್ಲಿಕ್ಟ್ ಬರುತ್ತೆ, ಮರ್ಜ್ ಮಾಡ್ಕೋಬಹುದು (ಎರಡನ್ನೂ ಒಂದಾಗಿ ಸೇರಿಸೋದು). ಆಪ್ಷನ್ಸ್‌ನಲ್ಲಿ "ಚೆಕ್‌ಔಟ್ ಆದಾಗ ಲೇಟೆಸ್ಟ್ ತಗೋ" ಅನ್ನೋದಕ್ಕೆ ಟಿಕ್ ಇದ್ರೆ ಮೊದಲು ತೆಗೀರಿ, ಇಲ್ಲಾಂದ್ರೆ ಈ ಉಪಾಯ ಕೆಡುತ್ತೆ.

ಹಳೇಕೋಡ್:
ಒಂಬತ್ತು ತಾನಾಗಿಯೇ ಮರ್ಜ್ ಆದ್ವು, ಎರಡು ಕೈಯಲ್ಲಿ. ಆದ್ರೆ ಹೋದ ವಾರ ಲ್ಯಾಪ್‌ಟಾಪಿಂದ ಆಗಲೇ ಮಾಡಿದ ಚೆಕ್‌ಇನ್‌ಗಳ ಗತಿ? ಯಾವುದು ಯಾವ ಯಂತ್ರದ್ದು ಅಂತ ಹಿಸ್ಟರಿಯಲ್ಲಿ ಕಾಣ್ತಿಲ್ಲ.

ಸೆಮಿಕೋಲನ್:
ಕಾಣಲ್ಲ. ಹೆಸರು ಎರಡಿದ್ದಿದ್ರೂ ಚೇಂಜ್‌ಸೆಟ್‌ನಲ್ಲಿ ಯಾರು, ಯಾವಾಗ ಅಷ್ಟೇ ಇರುತ್ತೆ. ಕ್ಲೋನ್ ಮಾಡಿದ ದಿನದಿಂದ ಈಚಿನ ಒಂದೊಂದನ್ನೂ ಹಿಂದಿನ ವರ್ಷನ್ ಜೊತೆ ಕಂಪೇರ್ ಮಾಡಿ. ಹಿಂದಿನ ಚೆಕ್‌ಇನ್‌ನಲ್ಲಿ ಸೇರಿದ ಸಾಲುಗಳೇ ಮುಂದಿನದರಲ್ಲಿ ಕಾಣೆಯಾಗಿದ್ರೆ ಅದು ಲ್ಯಾಪ್‌ಟಾಪಿನ ಕೆಲಸ. ಇಡೀ ಚೇಂಜ್‌ಸೆಟ್ ರೋಲ್‌ಬ್ಯಾಕ್ ಮಾಡಿದ್ರೆ (ರದ್ದು ಮಾಡಿದ್ರೆ) ಒಳ್ಳೇ ಸಾಲುಗಳೂ ಹೋಗುತ್ತೆ, ಹಾಗಾಗಿ ಕಾಣೆಯಾದ್ದನ್ನ ಮಾತ್ರ ವಾಪಸ್ ಸೇರಿಸಿ. ಎಷ್ಟು ಚೇಂಜ್‌ಸೆಟ್ ಇದೆ?

ಹಳೇಕೋಡ್:
ಮೂವತ್ತೆರಡು.

ಬಿಲ್ಡ್‌ಭಟ್ಟ:
ಎಲ್ಲಕ್ಕೂ ಮೊದಲು ಡೆಸ್ಕ್‌ಟಾಪಲ್ಲಿ ಒಂದು ಸಲ ಕ್ಯಾಶ್ ಅಳಿಸಿಬಿಡಿ.