ಅಟ್ಲಾಸಿನಿಂದ ಕಿತ್ತ ನಕ್ಷೆಯನ್ನು ಕೊಳ್ಳಬಹುದೇ?

ಸರ್ರೆ ನಿವಾಸಿ: ಇಂಗ್ಲೆಂಡಿನ ಸರ್ರೆ ಕೌಂಟಿಗೆ ಬಂದು ಹತ್ತು ವರ್ಷವಾಯಿತು. ಇಲ್ಲಿನ ಅಂಗಡಿಯೊಂದರಲ್ಲಿ ಹದಿನೇಳನೆಯ ಶತಮಾನದ ನಕ್ಷೆಕಾರ ಜಾನ್ ಸ್ಪೀಡ್‌ನ ಸರ್ರೆ ನಕ್ಷೆ ಮಾರಾಟಕ್ಕಿದೆ. ಅದರ ಮೂಲೆಯಲ್ಲಿ ಎಂಟನೆಯ ಹೆನ್ರಿ ಕಟ್ಟಿಸಿದ ನಾನ್‌ಸಚ್ ಅರಮನೆಯ ಚಿತ್ರವಿದೆ. 1680ರ ದಶಕದಲ್ಲೇ ಕೆಡವಿದ ಆ ಅರಮನೆಯ ಜಾಗದಲ್ಲಿ ಈಗ ನಾನು ವಾಕಿಂಗ್ ಹೋಗುವ ಉದ್ಯಾನವಿದೆ. ಕೊಳ್ಳಲೇ?

ಹೊತ್ತಗೆ: ದಯವಿಟ್ಟು ಬೇಡ. ಅದು 1611-12ರಲ್ಲಿ ಮೊದಲು ಹೊರಬಂದ ಅಟ್ಲಾಸಿನ ಹಾಳೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆತ್ತನೆಗಾರ ಹೊಂಡಿಯಸ್ ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ಕೆತ್ತಿದ್ದ. ನಕ್ಷೆಯ ಬೆನ್ನಿಗೇ ಆ ಕೌಂಟಿಯ ವಿವರ ಅಚ್ಚಾಗಿದೆ. ಗೋಡೆಗೆ ತೂಗುಹಾಕಿದರೆ ಅದನ್ನು ಓದುವವರು ಯಾರು? ನಾವು ಬಿಡಿ ಹಾಳೆಗೆ ದುಡ್ಡು ಕೊಡುವುದರಿಂದಲೇ ಇಡೀ ಪುಸ್ತಕಕ್ಕೆ ಕತ್ತರಿ ಬೀಳುತ್ತಿದೆ.

ತಾಮ್ರಪಟ: ಬಹಳಷ್ಟು ಪ್ರತಿಗಳು ಎಂದೋ ಚದುರಿಹೋಗಿವೆ. ಬಿಡಿ ಹಾಳೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದರೆ ಪುಸ್ತಕ ಮತ್ತೆ ಕೂಡಿಕೊಳ್ಳುವುದಿಲ್ಲ. ಕಿತ್ತದ್ದು ಯಾವಾಗ ಎಂಬುದನ್ನು ನೋಡಿ. ಬಣ್ಣ ಹಾಕಿದ್ದರೆ ಹಾಳೆಯನ್ನು ತಿರುಗಿಸಿ. ಆ ಕಾಲದ ಹಸಿರನ್ನು ತಾಮ್ರದ ಕಿಲುಬಿನಿಂದ ಮಾಡುತ್ತಿದ್ದರು; ಅದು ಕಾಗದವನ್ನು ತಿನ್ನುತ್ತ ಹಿಂಬದಿಯಲ್ಲಿ ಕಂದಾಗಿ ಮೂಡುತ್ತದೆ. ಕಂದು ಕಾಣದಿದ್ದರೆ ಬಣ್ಣ ಈಚಿನದಿರಬಹುದು. ನಕ್ಷೆಯ ಸುತ್ತ ತಗಡು ಒತ್ತಿದ ಗೆರೆ ಬೆರಳಿಗೆ ತಾಗಬೇಕು. ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳು ಕಂಡರೆ ಅದು ಈ ಕಾಲದ ಮುದ್ರಣ. ಸಡ್ಬರಿ, ಹಂಬಲ್ ಎಂಬ ಮಾರಾಟಗಾರರ ಹೆಸರಿದ್ದರೆ ಆರಂಭದ ಮುದ್ರಣಗಳಲ್ಲೊಂದು. ಬ್ಯಾಸೆಟ್, ಚಿಸ್ವೆಲ್ ಎಂದಿದ್ದರೆ 1676ರದು.

ಹೊತ್ತಗೆ: ಕಿತ್ತದ್ದು ಯಾವಾಗ ಎಂದು ಅಂಗಡಿಯವರು ನಿಜ ಹೇಳುತ್ತಾರೆಯೇ?

ತಾಮ್ರಪಟ: ಅವರನ್ನು ಕೇಳಬೇಕಾಗಿಲ್ಲ, ಹಾಳೆಯೇ ಹೇಳುತ್ತದೆ. ನಡುಮಡಿಕೆಯ ಹಿಂದೆ ಪುಸ್ತಕಕ್ಕೆ ಸೇರಿಸಿ ಹೊಲಿಯಲು ಅಂಟಿಸಿದ ಕಾಗದದ ಪಟ್ಟಿ ಇರುತ್ತದೆ. ಅದು ಹರಿದ ಅಂಚು ಬೆಳ್ಳಗಿದ್ದರೆ ಈಚೆಗೆ ಕಿತ್ತದ್ದು, ಕೊಳೆ ಹಿಡಿದು ಮಾಸಿದ್ದರೆ ಎಂದೋ ಕಿತ್ತದ್ದು. ಅದೇ ಅಟ್ಲಾಸಿನ ಬೇರೆ ಹಾಳೆಗಳೂ ಅಲ್ಲಿದ್ದರೆ ಅವುಗಳನ್ನೂ ತೆರೆಸಿ ನೋಡಿ.

ಸರ್ರೆ ನಿವಾಸಿ: ಇಂದು ಹೋಗಿ ನೋಡಿದೆ. ಸಡ್ಬರಿ, ಹಂಬಲ್ ಹೆಸರಿದೆ, ತಗಡಿನ ಗೆರೆಯೂ ಸಿಕ್ಕಿತು. ನನ್ನ ಕೈ ನಡುಗುತ್ತಿತ್ತು. ಆದರೆ ಪಟ್ಟಿಯ ಅಂಚು ಅಚ್ಚ ಬಿಳಿ. ಪಕ್ಕದ ಪೆಟ್ಟಿಗೆಯಲ್ಲಿ ಕೆಂಟ್, ಸಸೆಕ್ಸ್, ಹ್ಯಾಂಪ್‌ಶೈರ್ ಹಾಳೆಗಳಿದ್ದವು. ನಾಲ್ಕರಲ್ಲೂ ಕೆಳಗಿನ ಬಲ ಅಂಚಿನ ಅದೇ ಜಾಗದಲ್ಲಿ ಒಂದೇ ಹುಳುವಿನ ತೂತು. ಕೊಳ್ಳಲಾಗಲಿಲ್ಲ. ನಾನ್‌ಸಚ್ ಅರಮನೆಯನ್ನು ಇನ್ನೊಮ್ಮೆ ಕಣ್ತುಂಬ ನೋಡಿ ಬಂದೆ.