ಹೆಣ್ಣು ಒಪ್ಪಿಸುವಾಗ ಹಾಡಲು ಹೋದರೆ ಗಂಟಲು ಕಟ್ಟುತ್ತದೆ, ಏನು ಮಾಡಬೇಕು?

ಚಿಕ್ಕಮ್ಮ:
ಮುಂದಿನ ತಿಂಗಳು ಮನೆಯಲ್ಲಿ ಮದುವೆ. ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ಹಾಡುವುದು ನಾವಿಬ್ಬರು ಚಿಕ್ಕಮ್ಮಂದಿರು. ಕವಿ ವಿ. ಸೀ. (ವಿ. ಸೀತಾರಾಮಯ್ಯ) ಅವರ ಒಪ್ಪಿಸುವ ಹಾಡೇ ಆಗಬೇಕೆಂದು ಹುಡುಗಿಯ ಆಸೆ. ಅಭ್ಯಾಸಕ್ಕೆ ಕೂತಾಗಲೇ ಎರಡನೇ ಚರಣಕ್ಕೆ ಸ್ವರ ಹೊರಡುವುದಿಲ್ಲ. ಅಳು ಬಂದರೆ ಬರಲಿ, ಹಾಡು ಅರ್ಧಕ್ಕೆ ನಿಲ್ಲಬಾರದು. ರೆಕಾರ್ಡ್ ಹಾಕಿಬಿಡಿ ಅನ್ನುತ್ತಾರೆ ಕೆಲವರು, ಅದಕ್ಕೆ ನಮಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಶ್ರುತಿಪೆಟ್ಟಿಗೆ:
ಅಳು ಬರುವಾಗ ದೇಹ ಹೆಚ್ಚು ಗಾಳಿ ಬೇಕೆಂದು ಧ್ವನಿತಂತುಗಳ ನಡುವಿನ ಕಿಂಡಿಯನ್ನು ಅಗಲಿಸುತ್ತದೆ. ಉಗುಳು ನುಂಗಬೇಕಾದರೆ, ಹಾಡಬೇಕಾದರೆ ಅದೇ ಕಿಂಡಿ ಮುಚ್ಚಬೇಕು. ಈ ಎಳೆದಾಟವೇ ಗಂಟಲಲ್ಲಿ ಉಂಡೆ ಸಿಕ್ಕಿಕೊಂಡ ಹಾಗೆ ಅನಿಸುವುದು. ಆದ್ದರಿಂದ ನುಂಗಿ ನುಂಗಿ ಅದನ್ನು ಇಳಿಸಲು ನೋಡಬೇಡಿ, ಇನ್ನೂ ಬಿಗಿಯುತ್ತದೆ. ಅಳು ತಡೆಯುವವರು ತಮಗೆ ಗೊತ್ತಿಲ್ಲದೆ ಉಸಿರು ಹಿಡಿದಿರುತ್ತಾರೆ. ಅದರ ಮೇಲೆ ಮತ್ತಷ್ಟು ಎಳೆದುಕೊಂಡರೆ ಬಿಕ್ಕು ಬಂದುಬಿಡುತ್ತದೆ. ಮೊದಲು ಬಾಯಿಂದ ನಿಧಾನವಾಗಿ ಪೂರ್ತಿ ಉಸಿರು ಬಿಡಿ, ಆಮೇಲೆ ಹೊಟ್ಟೆ ಉಬ್ಬುವಂತೆ ತೆಗೆದುಕೊಳ್ಳಿ.

ಮೊದಲು ಕೈಕೊಡುವುದು ಮೇಲಿನ ಸ್ವರಗಳು. ತಂಬೂರಿ ಆ್ಯಪ್‌ನಲ್ಲಿ ಜಿ ಶ್ರುತಿ ಇಟ್ಟುಕೊಂಡು ಹಾಡುವವರಾದರೆ ಅವತ್ತು ಎಫ್‌ಗೆ ಇಳಿಸಿ. ಅದಕ್ಕಿಂತ ಇಳಿಸಿದರೆ ಮಂದ್ರದ, ಅಂದರೆ ತೀರ ಕೆಳಗಿನ, ಸ್ವರ ಛತ್ರದ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಇಳಿಸಿದ ಶ್ರುತಿಯಲ್ಲೇ ಇವತ್ತಿನಿಂದ ಅಭ್ಯಾಸ ಆಗಬೇಕು. ಅವತ್ತೇ ಇಳಿಸಿದರೆ ಎತ್ತುಗಡೆಯೇ ತಪ್ಪುತ್ತದೆ.

ಅಭ್ಯಾಸದಲ್ಲಿ ಅಳು ಬಂದರೆ ನಿಲ್ಲಿಸಬೇಡಿ. ನಿಲ್ಲಿಸುತ್ತಾ ಹೋದರೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುವುದು ರೂಢಿಯಾಗುತ್ತದೆ. ಆ ಚರಣವನ್ನು ರಾಗ ಬಿಟ್ಟು ಬರೀ ಮಾತಿನಲ್ಲಿ ನಾಲ್ಕಾರು ಸಲ ಓದಿ, ಆಮೇಲೆ ಒಂದೇ ಸ್ವರದಲ್ಲಿ, ಕೊನೆಗೆ ರಾಗದಲ್ಲಿ. ಅಳುತ್ತಲೇ ಕೊನೆಯವರೆಗೆ ಮುಟ್ಟಬೇಕು. ನಿಂತುಕೊಂಡೇ ಹಾಡಿ, ಅವತ್ತು ಕೂರಲು ಜಾಗ ಸಿಗುವುದಿಲ್ಲ.

ಕಣ್ಣೀರಿನ ಒಂದು ಪಾಲು ಒಳಮೂಲೆಯ ನಾಳದಿಂದ ಮೂಗಿಗೇ ಇಳಿಯುವುದರಿಂದ ಧ್ವನಿ ಕಟ್ಟಿದಂತಾಗುತ್ತದೆ. ಕರವಸ್ತ್ರ ಕೈಯಲ್ಲೇ ಇರಲಿ. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ, ಇಲ್ಲದಿದ್ದರೆ ಮೂಗು ಎಳೆದದ್ದು ಹಾಡಿಗಿಂತ ಜೋರಾಗಿ ಕೇಳುತ್ತದೆ.

ಸೋಬಾನೆ ಬಳಗ:
ಮೇಲಿನದೆಲ್ಲ ಸರಿ, ಆದರೆ ಒಬ್ಬರೋ ಇಬ್ಬರೋ ಹಾಡುವ ಏರ್ಪಾಟೇ ಈ ಗಳಿಗೆಗೆ ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ. ಸೋಬಾನೆ ಪದದಲ್ಲಿ ಮುಂದಾಳು ಒಂದು ಸಾಲು ಹೇಳುತ್ತಾಳೆ, ಉಳಿದವರು ಅದನ್ನೇ ಸೊಲ್ಲೆತ್ತಿ ಹಾಡುತ್ತಾರೆ. ಅವರು ಹಾಡುವಷ್ಟು ಹೊತ್ತು ಆಕೆಗೆ ಉಸಿರು, ಕಣ್ಣೊರೆಸಿಕೊಳ್ಳಲು ಬಿಡುವು. ಆಕೆ ಸೋತರೂ ಪದ ನಿಲ್ಲುವುದಿಲ್ಲ. ನೀವೂ ಹಾಗೇ ಮಾಡಿ. ಸಾಲು ಗೊತ್ತಿರುವ ನಾಲ್ಕೈದು ಜನರನ್ನು ಹಿಂದೆ ನಿಲ್ಲಿಸಿಕೊಳ್ಳಿ, ಅದರಲ್ಲಿ ಒಬ್ಬರಾದರೂ ಹುಡುಗಿಗೆ ತೀರ ಹತ್ತಿರದವರಲ್ಲದೆ ಇರಲಿ. ನೆರೆಮನೆಯವರು, ಸಂಗೀತದ ಪರಿಚಯದವರು ಯಾರಾದರೂ ಆದೀತು. ಎಲ್ಲರೂ ಒಟ್ಟಿಗೆ ಅತ್ತಾಗ ದಡ ಮುಟ್ಟಿಸುವುದು ಅವರೇ.

ನಿಮ್ಮಿಬ್ಬರಲ್ಲಿ ಚರಣ ಹಂಚಿಕೊಳ್ಳಿ. ಕಾಡುವ ಚರಣ ಯಾರಿಗೆ ಕಡಿಮೆ ಕಾಡುತ್ತದೋ ಅವರಿಗೆ. ಧ್ವನಿ ಒಡೆದರೆ ಅಲ್ಲಿಂದಲೇ ಎತ್ತಿಕೊಳ್ಳಲು ಹೋಗಬೇಡಿ. ಶ್ರುತಿ ನಡೆಯುತ್ತಿರಲಿ, ಒಂದು ಉಸಿರು ಬಿಟ್ಟು ಸಾಲಿನ ಮೊದಲಿನಿಂದ ಹಿಡಿಯಿರಿ. ಕಣ್ಣು ಹಾಳೆಯ ಮೇಲೋ ದೀಪದ ಮೇಲೋ ಇರಲಿ, ತಾಯಿಯ ಮುಖ ಮಾತ್ರ ನೋಡಬೇಡಿ. ಸಾಹಿತ್ಯ ಮೊಬೈಲಿನಲ್ಲಿ ಬೇಡ. ಪರದೆ ಆರುತ್ತದೆ, ಕಣ್ಣು ಮಂಜಾದಾಗ ಸಣ್ಣ ಅಕ್ಷರ ಕಾಣುವುದಿಲ್ಲ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಉಸಿರು ತೆಗೆಯುವ ಕಡೆ ಕೆಂಪು ಗೀಟು ಹಾಕಿ.

ಛತ್ರದ ಉಸ್ತುವಾರಿ:
ಹಾಡು ಕೆಡುವುದು ಹೆಚ್ಚಾಗಿ ಗಂಟಲಿನಿಂದಲ್ಲ, ಏರ್ಪಾಟಿನಿಂದ. ಹಾಡು ಮುಗಿದಿರುತ್ತದೆ, ಒಪ್ಪಿಸುವುದು ಅತ್ತೆ ಮಾವ ದಾಟಿ ಭಾವ, ಓರಗಿತ್ತಿ, ನಾದಿನಿಯವರೆಗೆ ಇನ್ನೂ ನಡೆಯುತ್ತಿರುತ್ತದೆ. ಯಾರು ಯಾರ ಕೈಗೆ ಅನ್ನುವುದನ್ನು ಬೀಗರ ಹತ್ತಿರ ಹಿಂದಿನ ದಿನವೇ ಮಾತಾಡಿ. ಒಬ್ಬೊಬ್ಬರಿಗೆ ಒಂದು ನಿಮಿಷ ಅಂತಿಟ್ಟುಕೊಂಡು ಎಷ್ಟು ಚರಣ ಬೇಕೋ ನೋಡಿಕೊಳ್ಳಿ.

ಓಲಗದವರಿಗೆ ಮೊದಲೇ ಹೇಳಿ, ಹಾಡು ಮುಗಿಯುವ ತನಕ ಬಾರಿಸುವುದು ಬೇಡ. ವಿಡಿಯೋದವರು "ಇನ್ನೊಂದ್ಸಲ ಕೈ ಕೊಡಿ ಮೇಡಂ" ಅನ್ನುವುದುಂಟು. ಮತ್ತೆ ಮಾಡಿಸುವಂತಿಲ್ಲ ಎಂದು ಮೊದಲೇ ಖಡಾಖಂಡಿತ ಹೇಳಿಬಿಡಿ. ಒಮ್ಮೆ ಅತ್ತವರನ್ನು ಕ್ಯಾಮೆರಾಗಾಗಿ ಎರಡನೇ ಸಲ ಅಳುವಂತೆ ಮಾಡುವುದು ಬಹಳ ತಪ್ಪು.

ಧಾರೆ ಎರೆಯುವವರೆಗೆ ಹೆಣ್ಣಿನ ತಂದೆ ತಾಯಿ ಉಪವಾಸ ಇರುತ್ತಾರೆ, ಆಮೇಲೂ ನೆಂಟರನ್ನು ಊಟಕ್ಕೆ ಎಬ್ಬಿಸುವ ಗಡಿಬಿಡಿಯಲ್ಲಿ ತಾವು ಉಣ್ಣುವುದಿಲ್ಲ. ಒಪ್ಪಿಸುವಾಗ ತಲೆ ಸುತ್ತುವುದು ಅದಕ್ಕೇ. ಶಾಸ್ತ್ರಕ್ಕೆ ಮುಂಚೆ ಅವರಿಗೆ ಊಟ ಹಾಕಿಸಿ, ಬೆನ್ನ ಹಿಂದೆ ಎರಡು ಕುರ್ಚಿ ಇರಲಿ.

ಚಿಕ್ಕಮ್ಮ:
ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮಲ್ಲಿ ಹಾಲಿನಲ್ಲಿ ಕೈ ಅದ್ದಿ ಒಪ್ಪಿಸುವ ಪದ್ಧತಿ. ಅದಕ್ಕೆ ಬೇರೆ ಏನಾದರೂ ನೋಡಿಕೊಳ್ಳಬೇಕೇ?

ಛತ್ರದ ಉಸ್ತುವಾರಿ:
ಅಗಲವಾದ ಹರಿವಾಣ, ಅರ್ಧ ಲೀಟರ್ ಹಾಲು ಸಾಕು. ಹೆಚ್ಚು ಹಾಕಿದರೆ ಕೈ ಎತ್ತುವಾಗ ರೇಷ್ಮೆ ಸೀರೆಯ ಮೇಲೆ ತೊಟ್ಟಿಕ್ಕುತ್ತದೆ. ಫ್ರಿಜ್ಜಿನ ಹಾಲಾದರೆ ಅರ್ಧ ಗಂಟೆ ಮುಂಚೆ ಹೊರಗಿಡಿ. ಹರಿವಾಣದ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ.

ಎರಡು ಕೈಯೂ ಹಾಲಿನಲ್ಲಿರುವಾಗ ಹುಡುಗಿಗೆ ತನ್ನ ಕಣ್ಣು ತಾನು ಒರೆಸಿಕೊಳ್ಳಲು ಆಗುವುದಿಲ್ಲ. ಇದು ಯಾರಿಗೂ ಹೊಳೆಯುವುದಿಲ್ಲ, ನೀರು ಗಲ್ಲದಿಂದ ಇಳಿಯುತ್ತಲೇ ಇರುತ್ತದೆ. ಅಕ್ಕನೋ ಗೆಳತಿಯೋ ಒಬ್ಬರು ಮೆತ್ತನೆ ಹತ್ತಿ ಬಟ್ಟೆ ಹಿಡಿದು ಅವಳ ಎಡಗಡೆ ನಿಲ್ಲಲಿ. ಉಜ್ಜಬಾರದು, ಕಾಡಿಗೆ ಹರಡುತ್ತದೆ. ಕಣ್ಣಿನ ಕೆಳಗೆ ಬಟ್ಟೆ ಒತ್ತಿ ತೆಗೆದರೆ ಸಾಕು.